ಹಿಂದಿನ ಅಂಗಳದ ಕೋಣೆ ಮತ್ತು ನಾನು ತೆಗೆದುಕೊಂಡ ಅಫಿಡವಿಟ್ಟುಗಳು

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನಮ್ಮ ಮನೆಗೆ ಒಬ್ಬ ಹುಡುಗ ಬಂದಿದ್ದ. ನಮ್ಮ ಫ್ಲಾಟು ಕೊಳ್ಳಲು ಮುಂದೆ ಬಂದವರಿಗೆ ಸಾಲ ಕೊಡಬೇಕಾದ ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವವನು. ಕೈಯಲ್ಲಿ ಲೇಸರ್ ಅಳತೆಯ ಪುಟ್ಟ ಯಂತ್ರ, ಇನ್ನೊಂದು ಕೈಯಲ್ಲಿ ನಕ್ಷೆಯ ಜೆರಾಕ್ಸು. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದ, ದಿಲ್ಲಿಯಲ್ಲಿ ಫಿಲ್ಟರ್ ಕಾಫಿ ಸಿಕ್ಕಿದ್ದಕ್ಕೆ ಖುಷಿಪಟ್ಟ. ಹಾಲು, ಎರಡು ಬೆಡ್‌ರೂಮು, ಅಡುಗೆಮನೆ ಎಲ್ಲ ಅಳೆದ. ಹಿಂದಿನ ಬಾಗಿಲು ತೆಗೆದು ನಿಂತವನು ನಕ್ಷೆ ನೋಡಿದ, ಕೋಣೆ ನೋಡಿದ, ಮತ್ತೆ ನಕ್ಷೆ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: "ಅಂಕಲ್, ಇಲ್ಲಿ ಖಾಲಿ ಅಂಗಳ ಅಂತ ಇದೆ. ಈ ಕೋಣೆ ನಕ್ಷೆಯಲ್ಲಿಲ್ಲ."

ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆ ಎಂಬ ಲೆಕ್ಕ ನನ್ನ ಹತ್ತಿರ ಇಲ್ಲ. ಮೂವತ್ತು ವರ್ಷದ ಬ್ಯಾಂಕ್ ನೌಕರಿಯಲ್ಲಿ ಹನ್ನೊಂದು ವರ್ಷ ಗೃಹಸಾಲದ ಮೇಜಿನಲ್ಲೇ ಕುಳಿತವನು ನಾನು. ಇದೇ ಧ್ವನಿ, ಇದೇ ಮರ್ಯಾದೆ. ಎದುರಿಗಿದ್ದವರ ಮುಖ ಹೇಗೆ ಬಿಳಿಚಿಕೊಳ್ಳುತ್ತಿತ್ತು ಅನ್ನುವುದು ಅಂದು ಗೊತ್ತಿತ್ತು, ಒಳಗೆ ಏನಾಗುತ್ತಿತ್ತು ಅನ್ನುವುದು ಈಗ ಗೊತ್ತಾಯಿತು.

ಕೋಣೆಯ ಕಥೆ ಹೇಳಿಬಿಡುತ್ತೇನೆ, ಆಮೇಲೆ ಕಾಯ್ದೆಗೆ ಬರೋಣ.

ನಾನು ತೀರ್ಥಹಳ್ಳಿ ಕಡೆಯವನು. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದೆ, 1993ರಲ್ಲಿ ದಿಲ್ಲಿಗೆ ವರ್ಗವಾಯಿತು. ಮೂರು ವರ್ಷ ಇದ್ದು ವಾಪಸ್ ಹೋಗುತ್ತೇನೆ ಅಂತ ಬಂದವನು ಇಲ್ಲೇ ಉಳಿದೆ. (ನಾನು ಸೇರಿದ ಬ್ಯಾಂಕು ಉಳಿಯಲಿಲ್ಲ, 2020ರ ವಿಲೀನದಲ್ಲಿ ಅದರ ಹೆಸರೇ ಹೋಯಿತು. ಅದು ಬೇರೆ ದುಃಖ.) 2003ರಲ್ಲಿ ಯಮುನೆಯ ಈಚೆ ದಡದಲ್ಲಿ ಡಿ.ಡಿ.ಎ. ಕಟ್ಟಿದ ಒಂದು ನೆಲಮಹಡಿ ಫ್ಲಾಟನ್ನು ಹಳೆಯ ಮಾಲೀಕರಿಂದ ಕೊಂಡೆ. ನೆಲಮಹಡಿಯೇ ಬೇಕು ಅಂತ ಹಟ ಹಿಡಿದದ್ದು ಹಿಂದಿನ ಅಂಗಳಕ್ಕಾಗಿ. ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ನಮ್ಮೂರಿನವರು ನೋಡಿದರೆ ನಕ್ಕಾರು, ಆದರೆ ನನ್ನ ಪಾಲಿಗೆ ಅದು ಹಿತ್ತಿಲು. ಒಂದು ಪೇರಲೆ ಮರ, ತುಳಸಿ, ಕರಿಬೇವು, ಅವಳು ನೆಟ್ಟ ಒಂದು ಸಾಲು ಮಲ್ಲಿಗೆ. ಮೂಲೆಯಲ್ಲಿ ಹಳೆಯ ಮಾಲೀಕರು ಎಂದೋ ಕಟ್ಟಿಸಿದ್ದ ಒಂದು ಕೋಣೆ: ಒಂದೇ ಇಟ್ಟಿಗೆ ದಪ್ಪದ ಗೋಡೆ, ಮೇಲೆ ಸಿಮೆಂಟ್ ಶೀಟು. ಹಳೇ ಕೂಲರ್, ಸೂಟ್‌ಕೇಸು, ಮಕ್ಕಳ ಸೈಕಲ್ಲು ತುಂಬಿಡುತ್ತಿದ್ದೆವು.

ಅಪ್ಪ ತೀರಿಕೊಂಡ ಮೇಲೆ 2010ರಲ್ಲಿ ಅಮ್ಮ ನಮ್ಮ ಜೊತೆಗೆ ಬಂದರು. ಎರಡು ಬೆಡ್‌ರೂಮಿನ ಮನೆ, ಓದುವ ಇಬ್ಬರು ಮಕ್ಕಳು. ಅಮ್ಮ ಆ ಕೋಣೆಯನ್ನು ನೋಡಿ, "ಇದನ್ನ ಚೊಕ್ಕ ಮಾಡಿಕೊಡು ಮಗಾ, ನಂಗೆ ಇದೇ ಸಾಕು. ಬಾಗಿಲು ತೆಗೆದ್ರೆ ಗಿಡ ಕಾಣ್ತದೆ" ಅಂದರು. ಅದು ಯಮುನೆ ಉಕ್ಕಿದ ವರ್ಷ. ಮಳೆಗೆ ಆ ಕೋಣೆಯ ಒಂದು ಗೋಡೆ ಬಿರಿದು ವಾಲಿತು. ಅಲ್ಲಿಗೆ ರಿಪೇರಿ ಎಂಬ ಪದ ನಮ್ಮ ಮನೆಗೆ ಬಂತು.

ಠೇಕೇದಾರ ಬಂದು ಗೋಡೆಯನ್ನು ಕೈಯಲ್ಲಿ ತಟ್ಟಿ ನೋಡಿ, ಇದರಲ್ಲಿ ಜೀವ ಇಲ್ಲ, ಪೂರ್ತಿ ತೆಗೆದು ಹೊಸದಾಗಿ ಎಬ್ಬಿಸೋಣ ಅಂದ. ಅಷ್ಟರಲ್ಲಿ ಮೇಲಿನ ಮನೆಯ ಮಾಸ್ಟರ್‌ಜಿ ಇಳಿದು ಬಂದರು. ಡಿ.ಡಿ.ಎ. ಫ್ಲಾಟುಗಳಲ್ಲಿ ಇದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಕೆಳಗಿನವನು ಅಂಗಳಕ್ಕೆ ಸ್ಲ್ಯಾಬು ಹಾಕಿದರೆ ಮೇಲಿನವನಿಗೆ ಅದೇ ನೆಲ. ಆತ ಅದರ ಮೇಲೆ ಕೋಣೆ ಎಬ್ಬಿಸುತ್ತಾನೆ, ಅವನ ಮೇಲಿನವನು ಇನ್ನೊಂದು. ಬೆಕ್ಕು ಬೆನ್ನ ಮೇಲೆ ಬೆಕ್ಕು ಹತ್ತಿದ ಹಾಗೆ ಹಿಂದಿನ ಗೋಡೆಗೆ ಅಂಟಿಕೊಂಡು ಒಂದು ಹೊಸ ಕಟ್ಟಡವೇ ಏಳುತ್ತದೆ. "ಭಾಯಿ ಸಾಹಬ್, ಶೀಟ್ ಯಾಕೆ, ಆರ್‌ಸಿಸಿ ಹಾಕಿಸಿ, ಅರ್ಧ ಖರ್ಚು ನನ್ನದು" ಅಂದರು. ನಾನು ಬ್ಯಾಂಕಿನವನು, ಅರ್ಧ ಖರ್ಚು ಅಂದರೆ ಕಿವಿ ನೆಟ್ಟಗಾಗುತ್ತದೆ. ಒಪ್ಪಿಕೊಂಡೆ. 2011ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಪೇರಲೆ ಮರ ಅಡ್ಡ ಬಂತು, ಕಡಿಸಿದೆವು. ದಿಲ್ಲಿಯಲ್ಲಿ ಮರ ಕಡಿಯಲು 1994ರ ಕಾಯ್ದೆಯ ಪ್ರಕಾರ ಬೇರೆಯೇ ಅನುಮತಿ ಬೇಕೆಂದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಿದ್ದರೆ ಕಡಿಸುತ್ತಿರಲಿಲ್ಲವೇ ಅಂತ ಕೇಳಬೇಡಿ.

ಮಲ್ಬಾ, ಅಂದರೆ ಕೆಡವಿದ ಇಟ್ಟಿಗೆ ಮಣ್ಣು, ರಾತ್ರಿ ಹನ್ನೊಂದರ ಮೇಲೆ ಸಾಗಿಸಬೇಕು, ಹಗಲು ಬೀದಿಯಲ್ಲಿ ಕಂಡರೆ ಯಾರಾದರೂ ಬರುತ್ತಾರೆ ಅಂತ ಠೇಕೇದಾರ ಹೇಳಿದ್ದ. ಮೂರನೇ ದಿನ ಒಬ್ಬಾತ ಬಂದೇ ಬಂದ. ಯಾವ ಕಚೇರಿಯವನು, ನಿಜವಾಗಿ ಕಚೇರಿಯವನೇ ಹೌದೋ ಎಂಬುದನ್ನು ನಾನು ಕೇಳಲಿಲ್ಲ. "ರಿಪೇರಿ" ಅಂದೆ. ಆತ ನಕ್ಕ. ಠೇಕೇದಾರ ಅವನನ್ನು ಮೂಲೆಗೆ ಕರೆದುಕೊಂಡು ಹೋದ. ಬಿಲ್ಲಿನಲ್ಲಿ ಆಮೇಲೆ "ಇತರೆ" ಎಂಬ ಒಂದು ಸಾಲು ಬಂತು. ನಾನು ಪ್ರಶ್ನಿಸಲಿಲ್ಲ. ಲೆಕ್ಕಪತ್ರದಲ್ಲಿ "ಇತರೆ" ಕಂಡರೆ ಶಾಖೆಯ ಗುಮಾಸ್ತರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದವನು ನಾನೇ.

ಅಮ್ಮ ಆ ಕೋಣೆಯಲ್ಲಿ ಎಂಟು ವರ್ಷ ಇದ್ದರು. 2019ರಲ್ಲಿ ಹೋದರು.

ಈಗ ಕಾಯ್ದೆ. ದಿಲ್ಲಿ ಮಹಾನಗರಪಾಲಿಕೆಯ 1957ರ ಕಾಯ್ದೆಯ 331ನೇ ಕಲಮಿನಲ್ಲಿ "ಕಟ್ಟಡ ಕಟ್ಟುವುದು" ಅಂದರೆ ಏನು ಅಂತ ಬರೆದಿದ್ದಾರೆ. ಸಾಲದ ಕಡತಗಳಿಗಾಗಿ ಅದನ್ನು ಹಲವು ಬಾರಿ ಓದಿದ್ದೇನೆ, ನನ್ನ ಮನೆಗೆ ಹಿಡಿದು ಓದಿರಲಿಲ್ಲ. ಪ್ಲಿಂತ್ ಮಟ್ಟದಿಂದ ಮೇಲೆ ಕಟ್ಟಡದ ಘನ ಅಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಡವಿದ್ದರೆ, ಸುಟ್ಟಿದ್ದರೆ ಅಥವಾ ನಾಶವಾಗಿದ್ದರೆ, ಇಲ್ಲವೇ ಹೊರಗೋಡೆಗಳ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಡವಿದ್ದರೆ, ನೀವು ಮಾಡಿದ್ದು ರಿಪೇರಿ ಅಲ್ಲ, ಮರುನಿರ್ಮಾಣ. ಹೊಸ ಕಟ್ಟಡಕ್ಕೆ ಬೇಕಾದ ಅನುಮತಿಯೇ ಅದಕ್ಕೂ ಬೇಕು. ಅರ್ಧದ ಗೆರೆ! ನನಗೆ ಇದು ಬಹಳ ನ್ಯಾಯವಾದ ಗೆರೆ ಅನ್ನಿಸುತ್ತದೆ. ಬಿರಿದ ಒಂದು ಗೋಡೆಯನ್ನಷ್ಟೇ ಎಬ್ಬಿಸಿ ಅದೇ ಶೀಟು ಮತ್ತೆ ಹೊದಿಸಿದ್ದರೆ ನಾನು ಗೆರೆಯ ಈಚೆ ಇರುತ್ತಿದ್ದೆ. ನಾಲ್ಕೂ ಗೋಡೆ ತೆಗೆದು, ಎತ್ತರ ಏರಿಸಿ, ಸ್ಲ್ಯಾಬು ಹಾಕಿ ಆಚೆ ಹೋದೆ. 2016ರ ಏಕೀಕೃತ ಕಟ್ಟಡ ಉಪವಿಧಿಗಳಲ್ಲೂ ಇದೇ ತರ್ಕ. ಅದೇ ಎತ್ತರಕ್ಕೆ ಮಾಡು ಬದಲಿಸಲು, ಬಿದ್ದ ಇಟ್ಟಿಗೆ ಸೇರಿಸಲು ಅನುಮತಿ ಬೇಡ. ಪ್ರಕೃತಿ ವಿಕೋಪದಲ್ಲಿ ಹಾಳಾದ ಭಾಗವನ್ನೂ ಮೊದಲಿದ್ದಷ್ಟೇ, ಮಂಜೂರಾದ ನಕ್ಷೆಯಂತೆಯೇ ಮತ್ತೆ ಕಟ್ಟಿಕೊಳ್ಳಬಹುದು. ಮಳೆ ನನ್ನ ಪರವಾಗಿ ಸಾಕ್ಷಿ ಹೇಳಬಹುದಿತ್ತು, ಆದರೆ ಮಂಜೂರಾದ ನಕ್ಷೆಯಲ್ಲಿ ಆ ಕೋಣೆಯೇ ಇರಲಿಲ್ಲವಲ್ಲ!

ಹಾಗೆಂದು ಡಿ.ಡಿ.ಎ. ಫ್ಲಾಟಿನವರಿಗೆ ಏನೂ ಬಿಟ್ಟಿಲ್ಲ ಅಂತಲ್ಲ. ಏನೇನು ಮಾಡಿಕೊಳ್ಳಬಹುದು ಎಂಬ ಪಟ್ಟಿ ಇದೆ. ಬಾಲ್ಕನಿಗೆ ಗ್ರಿಲ್ಲು, ಕಿಟಕಿಗೆ ಸಜ್ಜಾ, ಜಾಳಿಗೆ ಹಾಕಿ ಅಂಗಳದ ಗೋಡೆಯನ್ನು ಏಳು ಅಡಿಯವರೆಗೆ ಏರಿಸುವುದು, 115 ಮಿಲಿಮೀಟರ್ ದಪ್ಪದ ಗೋಡೆಯಾದರೆ ಬರ್ಸಾತಿಯನ್ನು ಕೋಣೆ ಮಾಡಿಕೊಳ್ಳುವುದು. ಅದರಲ್ಲೇ ನನಗೆ ಬಹಳ ಇಷ್ಟವಾದ ಒಂದು ಬಾಬ್ತು ಉಂಟು: ಬಚ್ಚಲಿಗೋ ಪಾಯಖಾನೆಗೋ ಮಾಡು ಇಲ್ಲದಿದ್ದರೆ ಅದನ್ನು ಬಯಲು ಮೂತ್ರಾಲಯ ಎಂದು ತಿಳಿದು ಬಿಟ್ಟುಬಿಡಬಹುದಂತೆ. ದಿಲ್ಲಿಯ ಜನವರಿ ಚಳಿಯಲ್ಲಿ ಈ ರಿಯಾಯಿತಿ ಯಾರಿಗೆ ಪ್ರಯೋಜನವೋ ನಾನರಿಯೆ. ಇರಲಿ. ಪಟ್ಟಿ ಇದೆ, ಆದರೆ ವಯಸ್ಸಾದ ತಾಯಿಗೆ ಅಂಗಳದಲ್ಲಿ ಒಂದು ಪುಟ್ಟ ಕೋಣೆ ಬೇಕಾದವನಿಗೆ ಅದರಲ್ಲಿ ಉತ್ತರ ಇಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಲ್ಲಿ ನನ್ನ ವೃತ್ತಿಯ ಭಾಷೆ ಸ್ವಲ್ಪ ಬಳಸುತ್ತೇನೆ, ಸಹಿಸಿಕೊಳ್ಳಿ.

2006 ನೆನಪಿದೆಯೇ? ದಿಲ್ಲಿಯಲ್ಲಿದ್ದ ಕನ್ನಡಿಗರಿಗೆ ಮರೆತಿರಲಾರದು. ಅದಕ್ಕೆ ಹಿಂದಿನ ಚಳಿಗಾಲದಲ್ಲೇ ಹೈಕೋರ್ಟಿನ ಆದೇಶದ ಮೇಲೆ ಅಕ್ರಮ ಕಟ್ಟಡ ಕೆಡಹುವುದು ಶುರುವಾಗಿತ್ತು. ಫೆಬ್ರವರಿಯಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮನೆಗಳಲ್ಲಿ ನಡೆಯುತ್ತಿದ್ದ ಅಂಗಡಿಗಳಿಗೆ ಬೀಗಮುದ್ರೆ ಹಾಕಿ ಅಂದಿತು. ಮಾರ್ಚಿನಲ್ಲಿ ಉಸ್ತುವಾರಿ ಸಮಿತಿ ಬಂತು. ಬಂದ್, ಮುಷ್ಕರ, ಸೆಪ್ಟೆಂಬರಿನಲ್ಲಿ ಸೀಲಂಪುರದಲ್ಲಿ ಗೋಲಿಬಾರಾಗಿ ಜನ ಸತ್ತರು. ಈ ಗದ್ದಲದ ನಡುವೆ ಮೇ ತಿಂಗಳಲ್ಲಿ ಸಂಸತ್ತು ಒಂದು ವಿಶೇಷ ಕಾಯ್ದೆ ಮಾಡಿ, ಒಂದು ವರ್ಷ ಕೆಡಹಬೇಡಿ, ಬೀಗ ಹಾಕಬೇಡಿ, ಅಷ್ಟರಲ್ಲಿ ಒಂದು ನೀತಿ ರೂಪಿಸೋಣ ಅಂದಿತು. ಒಂದು ವರ್ಷ! ಆಮೇಲೆ ಇನ್ನೊಂದು ಕಾಯ್ದೆ, ಮತ್ತೊಂದು. 2011ರ ಕಾಯ್ದೆಯನ್ನು 2014ರ ತನಕ ಅಂತ ಮಾಡಿದರು. ಅದು 2017ಕ್ಕೆ ಹೋಯಿತು, ಅಲ್ಲಿಂದ 2020ಕ್ಕೆ, ಅಲ್ಲಿಂದ 2023ಕ್ಕೆ. 2023ರ ಡಿಸೆಂಬರಿನಲ್ಲಿ ಮತ್ತೆ ವಿಸ್ತರಿಸಿ 2026ರ ಡಿಸೆಂಬರ್ 31ರ ಗಡುವು ಹಾಕಿದರು. ಒಂದು ವರ್ಷದ ರಕ್ಷಣೆ ಇಪ್ಪತ್ತು ವರ್ಷ ಎಳೆದುಕೊಂಡು ಬಂತು. ಪಕ್ಷ ಯಾವುದು ಅಧಿಕಾರದಲ್ಲಿದ್ದರೂ ಇದರಲ್ಲಿ ಮಾತ್ರ ಭಿನ್ನಮತ ಇರಲಿಲ್ಲ.

ಬ್ಯಾಂಕಿನಲ್ಲಿ ಇದಕ್ಕೆ ಒಂದು ಹೆಸರುಂಟು, ಎವರ್‌ಗ್ರೀನಿಂಗ್. ತೀರದ ಸಾಲವನ್ನು ತೀರದು ಎಂದು ಒಪ್ಪಿಕೊಳ್ಳುವ ಧೈರ್ಯವಿಲ್ಲದ ಮ್ಯಾನೇಜರು ಮಾರ್ಚ್ 31ರ ಮುಂಚೆ ಅದೇ ಗಿರಾಕಿಗೆ ಹೊಸ ಸಾಲ ಕೊಟ್ಟು ಹಳೆಯದನ್ನು ಕಟ್ಟಿಸಿಕೊಳ್ಳುತ್ತಾನೆ. ಪುಸ್ತಕದಲ್ಲಿ ಎಲ್ಲವೂ ಹಸಿರು. ಮುಂದಿನ ಮಾರ್ಚಿಗೆ ಮೊತ್ತ ದೊಡ್ಡದಾಗಿರುತ್ತದೆ, ಮ್ಯಾನೇಜರು ಬದಲಾಗಿರುತ್ತಾನೆ. ಇದನ್ನು ದಯೆ ಅಂತ ಕರೆಯುವವರು ಇದ್ದಾರೆ. ನಾನು ಕರೆಯುವುದಿಲ್ಲ. ಗಿರಾಕಿಯನ್ನು ಸಾಲದಿಂದ ಬಿಡಿಸಿಲ್ಲ, ಅವನಿಗೆ ಭಯವನ್ನು ಕಂತಿನ ಮೇಲೆ ಕೊಟ್ಟಿದ್ದೀರಿ ಅಷ್ಟೆ.

ಈ ರಕ್ಷಣೆಗೆ ದಿನಾಂಕದ ಗೆರೆ ಇದೆ. ನಮ್ಮಂಥ ಕಾಲೊನಿಗಳಲ್ಲಿ 2007ರ ಫೆಬ್ರವರಿ 8ಕ್ಕೆ ಮುಂಚೆ ಇದ್ದ ಕಟ್ಟಡಕ್ಕೆ ಅದು ಅನ್ವಯ. ಹಳೆಯ ಮಾಲೀಕರ ಆ ಶೀಟಿನ ಕೋಣೆ, ಅದು ಎಷ್ಟೇ ಅಕ್ರಮವಾಗಿರಲಿ, ಈ ನೆರಳಲ್ಲಿ ಇತ್ತು. ನಾನು ಅದನ್ನು ಕೆಡವಿ ಗಟ್ಟಿಯಾಗಿ ಕಟ್ಟಿದ ದಿನ ಅದರ ವಯಸ್ಸು ಸೊನ್ನೆಯಾಯಿತು. ಬೀಳುವ ಗೋಡೆಯನ್ನು ಹಾಗೇ ಬಿಟ್ಟವನಿಗೆ ರಕ್ಷಣೆ, ಭದ್ರ ಮಾಡಿದವನಿಗೆ ನೋಟಿಸು. ಇದರ ಫಲವನ್ನು ದಿಲ್ಲಿಯ ಯಾವ ಗಲ್ಲಿಯಲ್ಲೂ ನೋಡಬಹುದು. ಅನುಮತಿ ಕೇಳಿದರೆ ಕಣ್ಣಿಗೆ ಬೀಳುತ್ತೇವೆ ಅಂತ ಬಿರುಕಿಗೆ ಸಿಮೆಂಟು ಮೆತ್ತಿ, ಮೇಲೆ ಟೈಲ್ಸ್ ಅಂಟಿಸಿ, ಅದರ ಮೇಲೆ ಇನ್ನೊಂದು ಮಹಡಿ.

2010ರ ನವೆಂಬರ್ 15ರ ರಾತ್ರಿ ಲಕ್ಷ್ಮೀನಗರದ ಲಲಿತಾ ಪಾರ್ಕಿನಲ್ಲಿ ಇಂಥದೊಂದು ಕಟ್ಟಡ ಕುಸಿದು ಸುಮಾರು 70 ಜನ ಸತ್ತರು. ನಮ್ಮ ಮನೆಯಿಂದ ಆಟೋದಲ್ಲಿ ಕಾಲು ಗಂಟೆಯ ದಾರಿ. ಬಹುಪಾಲು ಬಾಡಿಗೆಗಿದ್ದ ಕೂಲಿಯವರು. ಎರಡು ದಿನ ಆಂಬುಲೆನ್ಸ್ ಶಬ್ದ ಕೇಳುತ್ತಿತ್ತು. ಅದಾಗಿ ಮೂರೇ ತಿಂಗಳಿಗೆ ನಾನು ನನ್ನ ಅಂಗಳದಲ್ಲಿ, ಯಾವ ಇಂಜಿನಿಯರನ್ನೂ ಕೇಳದೆ, ಮೇಲಿನವರ ಭಾರವೂ ಬೀಳುವಂತೆ ಸ್ಲ್ಯಾಬು ಹಾಕಿಸಿದೆ. ಸರಿಯಾ ಎಷ್ಟು ದಪ್ಪದ್ದು ಅಂತ ಠೇಕೇದಾರನನ್ನು ಕೇಳಿದ್ದೆ, ಅವನು ಏನೋ ಹೇಳಿದ್ದ. ಇಂದಿಗೂ ನನಗೆ ನಿದ್ದೆಗೆಡಿಸುವುದು ನೋಟಿಸಿನ ಭಯವಲ್ಲ, ಇದು.

ಇನ್ನು ಅಫಿಡವಿಟ್ಟಿನ ವಿಷಯ. ಕಲ್ಯಾಣ್ ಸಂಸ್ಥಾ ಎಂಬ ಸಂಘಟನೆ ಹೂಡಿದ್ದ ಮೊಕದ್ದಮೆಯಲ್ಲಿ ದಿಲ್ಲಿ ಹೈಕೋರ್ಟು ಕೊಟ್ಟ ಆದೇಶದಂತೆ ರಿಸರ್ವ್ ಬ್ಯಾಂಕು 2006ರ ನವೆಂಬರಿನಲ್ಲಿ ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಮನೆ ಕಟ್ಟಲು ಸಾಲ ಕೇಳುವವನು ಮಂಜೂರಾದ ನಕ್ಷೆ ಕೊಡಬೇಕು. ನಕ್ಷೆ ಮೀರುವುದಿಲ್ಲ, ಕಟ್ಟಿ ಮುಗಿದ ಮೂರು ತಿಂಗಳೊಳಗೆ ಕಂಪ್ಲೀಶನ್ ಸರ್ಟಿಫಿಕೇಟು ತರುತ್ತೇನೆ ಅಂತ ಅಫಿಡವಿಟ್ಟು ಬರೆದುಕೊಡಬೇಕು. ತಪ್ಪಿದರೆ ಪೂರ್ತಿ ಸಾಲವನ್ನು ಬಡ್ಡಿ ಸಮೇತ ವಾಪಸ್ ಕೇಳುವ ಅಧಿಕಾರ ಬ್ಯಾಂಕಿಗೆ. ಕಟ್ಟುವ ಹಂತಹಂತದಲ್ಲೂ ಬ್ಯಾಂಕು ನೇಮಿಸಿದ ಆರ್ಕಿಟೆಕ್ಟು ನೋಡಿ ಸಹಿ ಹಾಕಬೇಕು. ಸಕ್ರಮವಾಗದ ಅನಧಿಕೃತ ಕಾಲೊನಿಗಳಿಗೆ ಸಾಲವೇ ಇಲ್ಲ. ನಾನು ಇಂಥ ಅಫಿಡವಿಟ್ಟುಗಳನ್ನು ನೂರಾರು ತೆಗೆದುಕೊಂಡಿದ್ದೇನೆ. ನೋಟರಿಯ ಕೆಂಪು ಮೊಹರು, ಪಂಚ್ ಮಾಡಿ ಕಡತಕ್ಕೆ ಸೇರಿಸಿದ್ದು. ಅವುಗಳ ಆಧಾರದ ಮೇಲೆ ಒಂದೇ ಒಂದು ಸಾಲವನ್ನು ನಾನು ವಾಪಸ್ ಕೇಳಿದ್ದಿಲ್ಲ. ಕಂತು ಸರಿಯಾಗಿ ಬರುತ್ತಿದ್ದರೆ ಮನೆಯ ಹಿಂದೆ ಏನು ಎದ್ದಿದೆ ಅಂತ ಯಾವ ಶಾಖೆಯವನು ಹೋಗಿ ನೋಡುತ್ತಾನೆ? ನನ್ನ ಸ್ವಂತ ಕೋಣೆಗೆ ಮಾತ್ರ ಅಫಿಡವಿಟ್ಟು ಇರಲಿಲ್ಲ, ಯಾಕೆಂದರೆ ಅದಕ್ಕೆ ಸಾಲ ಮಾಡಲಿಲ್ಲ, ಪಿ.ಎಫ್.ನಿಂದ ದುಡ್ಡು ತೆಗೆದೆ. ಜಾಣತನ ಅಂತ ಆಗ ಅಂದುಕೊಂಡಿದ್ದೆ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಮೀರತ್ತಿನ ಒಂದು ಪ್ರಕರಣದಲ್ಲಿ ಈ ದಾರಿಗಳನ್ನೆಲ್ಲ ಮುಚ್ಚಿತು. ಅಲ್ಲಿನ ಶಾಸ್ತ್ರಿನಗರದಲ್ಲಿ ಮನೆಗೆಂದು ಕೊಟ್ಟ ನಿವೇಶನದಲ್ಲಿ ಅಂಗಡಿಗಳನ್ನು ಕಟ್ಟಿದ್ದರು. ಎಷ್ಟು ವರ್ಷ ಆಯಿತು, ಎಷ್ಟು ದುಡ್ಡು ಸುರಿದಿದ್ದೀರಿ, ಅಧಿಕಾರಿಗಳು ಸುಮ್ಮನಿದ್ದರು ಎಂಬುದೆಲ್ಲ ಅಕ್ರಮಕ್ಕೆ ಗುರಾಣಿಯಾಗದು ಎಂದಿತು ಕೋರ್ಟು. ಕಂಪ್ಲೀಶನ್ ಅಥವಾ ಆಕ್ಯುಪೇಶನ್ ಸರ್ಟಿಫಿಕೇಟು ನೋಡಿದ ಮೇಲೆಯೇ ಬ್ಯಾಂಕುಗಳು ಕಟ್ಟಡದ ಆಧಾರದ ಮೇಲೆ ಸಾಲ ಕೊಡಬೇಕು ಅಂತಲೂ ಹೇಳಿತು. ನಮ್ಮ ಮನೆಗೆ ಬಂದ ಹುಡುಗನ ಮರ್ಯಾದೆಯ ಹಿಂದೆ ಈ ತೀರ್ಪು ಇತ್ತು.

ತೀರ್ಪನ್ನು ನಾನು ಒಪ್ಪುತ್ತೇನೆ. ದೊಡ್ಡವರ ವಿಷಯದಲ್ಲಿ ಇಷ್ಟು ಕಟುವಾಗಿರಲೇಬೇಕು. ನೊಯ್ಡಾ ಸೆಕ್ಟರ್ 93ಎ ನೋಡಿ. ಮೊದಲ ನಕ್ಷೆಯಲ್ಲಿ ಉದ್ಯಾನ ಅಂತ ತೋರಿಸಿದ್ದ ಜಾಗದಲ್ಲಿ ಸೂಪರ್‌ಟೆಕ್‌ನವರು ಎರಡು ಗೋಪುರ ಎಬ್ಬಿಸಿದರು. ಫ್ಲಾಟು ಕೊಂಡ ನಿವಾಸಿಗಳೇ ವರ್ಷಗಟ್ಟಲೆ ಕೋರ್ಟು ಹತ್ತಿ ಗೆದ್ದರು. 2022ರ ಆಗಸ್ಟ್ 28ರ ಮಧ್ಯಾಹ್ನ ಎರಡೂವರೆಗೆ ಅವು ಕೆಲವೇ ಸೆಕೆಂಡಿನಲ್ಲಿ ನೆಲಕ್ಕೆ ಕೂತವು. ನಾವೂ ಟಿ.ವಿ. ಮುಂದೆ ಕೂತು ಚಪ್ಪಾಳೆ ತಟ್ಟಿದೆವು. ನಮ್ಮ ಹಿಂಬಾಗಿಲ ಆಚೆಯೂ ನಕ್ಷೆಯಲ್ಲಿ ಖಾಲಿ ಇದ್ದ ಜಾಗವನ್ನು ತುಂಬಿದ ಒಂದು ಕಟ್ಟಡ ನಿಂತಿತ್ತು ಅನ್ನುವುದು ಆ ಮಧ್ಯಾಹ್ನ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಆದರೆ ಮೂವತ್ತು ಮಹಡಿಗೂ ಒಂದು ಕೋಣೆಗೂ ಒಂದೇ ತಕ್ಕಡಿ ಇಟ್ಟರೆ, ತಕ್ಕಡಿ ಹಿಡಿದವನ ಕೈ ಬೆಚ್ಚಗಾಗುತ್ತದೆಯೇ ಹೊರತು ಊರು ನೆಟ್ಟಗಾಗುವುದಿಲ್ಲ. ಲಕ್ಷಾಂತರ ಸಣ್ಣ ತಪ್ಪುಗಳಲ್ಲಿ ಯಾವುದನ್ನು ಮುಟ್ಟುವುದು? ದೂರು ಬಂದದ್ದನ್ನು. ದೂರು ಯಾವಾಗ ಬರುತ್ತದೆ? ಅಕ್ಕಪಕ್ಕದವರು ಪಾರ್ಕಿಂಗಿಗೆ ಜಗಳವಾಡಿದಾಗ. ದಿಲ್ಲಿಯಲ್ಲಿ ಅಕ್ರಮ ಕಟ್ಟಡದ ದೂರುಗಳನ್ನು ಓದಿದರೆ ನಗರ ಯೋಜನೆ ಅರ್ಥವಾಗದು, ನೆರೆಹೊರೆ ಅರ್ಥವಾಗುತ್ತದೆ. ಆಮೇಲೆ 343ನೇ ಕಲಮಿನ ಆದೇಶ, ಕೆಡಹಲು ಐದರಿಂದ ಹದಿನೈದು ದಿನದ ಅವಧಿ, ಅಲ್ಲಿಂದ ಮೇಲ್ಮನವಿ ನ್ಯಾಯಮಂಡಳಿ, ವಕೀಲರು. ಒಂದು ಕೋಣೆ ಕಟ್ಟಿದ್ದಕ್ಕಿಂತ ಹೆಚ್ಚು ಖರ್ಚು.

ನನ್ನ ಅಕ್ಕನ ಮಗ ಇಂಗ್ಲೆಂಡಿನ ರೆಡಿಂಗಿನಲ್ಲಿದ್ದಾನೆ. ಅವನ ಹಿತ್ತಿಲಿನ ಮರದ ಶೆಡ್ಡು ಕೊಳೆತು, ಕೆಡವಿ ಹೊಸದು ಮಾಡಿಸಿದ. ಪರ್ಮಿಶನ್ ತೊಗೊಂಡ್ಯೇನೋ ಅಂತ ಫೋನಿನಲ್ಲಿ ಕೇಳಿದೆ. "ಬೇಡ ಮಾಮ" ಅಂದ. ಅಲ್ಲಿ ಹಿತ್ತಿಲ ಶೆಡ್ಡಿಗೆ ಬರೆದಿಟ್ಟ ನಿಯಮ ಇದೆ. ಒಂದೇ ಅಂತಸ್ತು, ಬೇಲಿಯಿಂದ ಎರಡು ಮೀಟರಿನೊಳಗೆ ಕಟ್ಟಿದರೆ ಎತ್ತರ ಎರಡೂವರೆ ಮೀಟರು ಮೀರಬಾರದು, ಮನೆಯ ಸುತ್ತಲ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಬಾರದು, ಪ್ರತ್ಯೇಕ ಮನೆಯಾಗಿ ಬಳಸಬಾರದು. ಇಷ್ಟರೊಳಗೆ ಇದ್ದರೆ ಸಾಮಾನ್ಯವಾಗಿ ಯಾರನ್ನೂ ಕೇಳಬೇಕಿಲ್ಲ. ಅಲ್ಲೂ ಎಲ್ಲರೂ ಸಾಧುಗಳೇನಲ್ಲ. ಶೆಡ್ಡು ಅಂತ ಹೇಳಿ ಬಾಡಿಗೆಗೆ ಜನರನ್ನು ತುಂಬಿದವರನ್ನು ಹಿಡಿಯಲು ಸ್ಲೌ ಎಂಬ ಊರಿನ ಪೌರಸಭೆ 2013ರಲ್ಲಿ ವಿಮಾನ ಹಾರಿಸಿ, ಶಾಖ ಗುರುತಿಸುವ ಕ್ಯಾಮೆರಾದಲ್ಲಿ ಯಾವ ಶೆಡ್ಡು ಬೆಚ್ಚಗಿದೆ ಅಂತ ನೋಡಿತ್ತು. ಮೊದಲು ನಾಲ್ಕು ವರ್ಷ ಯಾರೂ ಕೇಳದಿದ್ದರೆ ಅಕ್ರಮ ಕಟ್ಟಡ ಬಚಾವು ಅಂತಿದ್ದುದನ್ನು 2024ರಲ್ಲಿ ಹತ್ತು ವರ್ಷಕ್ಕೆ ಏರಿಸಿದ್ದಾರೆ. ಅಂದರೆ ಸಣ್ಣದಕ್ಕೆ ಸಲೀಸು, ಮೋಸಕ್ಕೆ ಬಿಗಿ. ನಮ್ಮಲ್ಲಿ ಇದು ತಿರುಗಾಮುರುಗಾ.

ಊರಿನಲ್ಲಿ ಅಪ್ಪ ಕೊಟ್ಟಿಗೆಯನ್ನು ಎರಡು ಸಲ, ಬಚ್ಚಲುಮನೆಯನ್ನು ಒಂದು ಸಲ ಪೂರ್ತಿ ಕೆಡವಿ ಕಟ್ಟಿಸಿದ್ದು ನನಗೆ ನೆನಪಿದೆ. ಯಾರನ್ನು ಕೇಳಬೇಕು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಪಕ್ಕದ ಮನೆಯವರನ್ನು ಕೇಳಿದ್ದರು, ಹೆಂಚಿನ ನೀರು ನಿಮ್ಮ ಕಡೆ ಬೀಳುತ್ತದೋ ಅಂತ. ಈಗ ಅಲ್ಲೂ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಇನ್ನು ನಿವೃತ್ತರಾಗಿ ಬೆಂಗಳೂರಿಗೆ ಹೋಗುತ್ತೇನೆ ಅನ್ನುವ ನನ್ನ ಗೆಳೆಯರಿಗೆ ಅಲ್ಲಿನ ಅಕ್ರಮ-ಸಕ್ರಮದ ಕಥೆ ನೆನಪಿಸುತ್ತಿರುತ್ತೇನೆ. ಮನೆಗಳಲ್ಲಿ ಶೇಕಡಾ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ದಂಡ ಕಟ್ಟಲು ಸಿದ್ಧವಾಗಿದ್ದವರೂ ನಡುನೀರಿನಲ್ಲಿ ನಿಂತರು. ಶೇಕಡಾ 50 ಅಂದರೆ ಸಣ್ಣ ತಪ್ಪೇನಲ್ಲ ಬಿಡಿ, ಆ ತಡೆಯಲ್ಲಿ ನನಗೆ ಅಚ್ಚರಿಯಿಲ್ಲ.

ಹಾಗಾದರೆ ಏನು ಮಾಡಬೇಕು ಅಂತೀರಿ? ಬ್ಯಾಂಕು ಸಣ್ಣ ಕೆಟ್ಟ ಸಾಲಗಳಿಗೆ ಮಾಡುವುದನ್ನೇ. ಒಂದೇ ಸಲ ತೀರುವಳಿ. ಸ್ವಂತ ಅಂಗಳದೊಳಗೆ, ಒಂದೇ ಅಂತಸ್ತಿನ, ಪಕ್ಕದವರ ಗಾಳಿ ಬೆಳಕಿಗೆ ಅಡ್ಡಬಾರದ ಕೋಣೆ ಇದ್ದರೆ ಮಾಲೀಕನೇ ಬಂದು ಹೇಳಲಿ. ಇಂಜಿನಿಯರು ಅಳೆದು, ಗಟ್ಟಿ ಇದೆಯೋ ಅಂತ ನೋಡಿ, ಶುಲ್ಕ ಕಟ್ಟಿಸಿಕೊಂಡು ನಕ್ಷೆಯಲ್ಲಿ ಸೇರಿಸಲಿ, ಇಷ್ಟು ದಿನದೊಳಗೆ ಅಂತ ಗಡುವು ಇರಲಿ. ಗಟ್ಟಿ ಇಲ್ಲದ್ದು, ಒಂದರ ಮೇಲೊಂದು ಹತ್ತಿದ್ದು, ಸಾರ್ವಜನಿಕ ಜಾಗ ತಿಂದದ್ದು, ಇವನ್ನು ಯಾವ ವಿಸ್ತರಣೆಯೂ ಇಲ್ಲದೆ ತೆಗೆಯಲಿ. ಇನ್ನು ಮೂರು ವರ್ಷ, ಇನ್ನು ಮೂರು ವರ್ಷ ಅನ್ನುವುದು ನಿಲ್ಲಲಿ. ನನ್ನ ಈ ಸಲಹೆಯ ಪ್ರಕಾರ ನನ್ನ ಕೋಣೆ ಉಳಿಯುವುದಿಲ್ಲ, ಅದರ ಬೆನ್ನ ಮೇಲೆ ಇನ್ನೊಂದು ಕೂತಿದೆಯಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಪ್ರಾಪರ್ಟಿ ಡೀಲರನಿಗೆ ಇದೆಲ್ಲ ಹೇಳಿದರೆ ನಗುತ್ತಾನೆ. "ಸರ್‌ಜೀ, ಪೂರಿ ದಿಲ್ಲಿ ಐಸೀ ಹೀ ಹೈ" ಅಂದ. ಬೇರೆ ವ್ಯಾಲ್ಯೂಅರ್ ಇದ್ದಾನೆ, ಅವನ ಕಣ್ಣಿಗೆ ಹಿಂದಿನ ಬಾಗಿಲು ಕಾಣುವುದಿಲ್ಲ ಅಂದ. ಇಲ್ಲವಾದರೆ ನಗದು ಕೊಡುವ ಗಿರಾಕಿ ತರುತ್ತೇನೆ, ಬೆಲೆ ಸ್ವಲ್ಪ ಕಡಿಮೆ ಅಷ್ಟೆ ಅಂದ. ಎರಡು ರಾತ್ರಿ ಈ ಬಗ್ಗೆ ಯೋಚನೆ ಮಾಡಿದೆ, ಸುಳ್ಳು ಹೇಳುವುದಿಲ್ಲ. ನಮ್ಮನೆಯವಳು, "ಕೊಳ್ಳೋರಿಗೂ ಪುಟ್ಟ ಮಗು ಇದೆ, ಅದು ಆ ಸ್ಲ್ಯಾಬಿನ ಕೆಳಗೆ ಮಲಗ್ತದೆ" ಅಂದಳು. ಅಲ್ಲಿಗೆ ಯೋಚನೆ ಮುಗಿಯಿತು.

ಮೊನ್ನೆ ಸಂಜೆ ಮೇಲೆ ಹೋಗಿ ಮಾಸ್ಟರ್‌ಜಿಗೆ ಹೇಳಿದೆ. ಅವರಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ. ಭಾಭೀಜಿ ಎರಡು ಸಲ ಜೋರಾಗಿ ವಿವರಿಸಿದರು. ನನ್ನ ಕೋಣೆಯ ಮೇಲಿರುವುದು ಅವರ ದೇವರ ಕೋಣೆ. ಕೆಡಹುವ ಖರ್ಚೆಲ್ಲ ನನ್ನದು, ದೇವರ ಕೋಣೆಯನ್ನು ಒಳಗೆ ಮಾಡಿಸಿಕೊಡುವುದೂ ನನ್ನದು ಅಂದೆ. ಮಾಸ್ಟರ್‌ಜಿ ಬಹಳ ಹೊತ್ತು ಸುಮ್ಮನಿದ್ದು, "ಆವತ್ತು ಅರ್ಧ ಖರ್ಚು ನನ್ನದು ಅಂದಿದ್ದೆ ಅಲ್ಲವೇ, ಈಗಲೂ ಅರ್ಧ ನನ್ನದೇ" ಅಂದರು. ಆದರೆ ಭಾಭೀಜಿ ಒಪ್ಪಿಲ್ಲ. ಮಗ ಗುಡಗಾಂವಿನಿಂದ ಬರಲಿ, ಕೇಳಿ ಹೇಳುತ್ತೇವೆ ಅಂದಿದ್ದಾರೆ.

ಮಂಗಳವಾರ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರು ಬರುತ್ತಾರೆ. ಮೇಲಿನದನ್ನು ಮೊದಲು ತೆಗೆಯಬೇಕು, ಆಮೇಲೆ ಸ್ಲ್ಯಾಬು, ಗೋಡೆ ಕೊನೆಗೆ ಅಂತ ಫೋನಿನಲ್ಲೇ ಹೇಳಿದ್ದಾರೆ. ಮಲ್ಬಾ ಈ ಸಲ ಹಗಲಿನಲ್ಲೇ ಸಾಗಿಸುತ್ತೇವೆ. ಅಮ್ಮ ಗೋಡೆಗೆ ಹೊಡೆಸಿಕೊಂಡಿದ್ದ ಎರಡು ಮೊಳೆಗಳಿವೆ, ಒಂದು ಕ್ಯಾಲೆಂಡರಿಗೆ, ಒಂದು ಚೀಲಕ್ಕೆ. ನಿನ್ನೆ ಅವನ್ನು ಕಿತ್ತಿಟ್ಟೆ.